ಮೊದಲು ಬಂದದ್ದು ಅಲೆಯಲ್ಲ

ಆ ಬೆಳಿಗ್ಗೆ ಲ್ಯಾಬಿನವರಿಗೆಲ್ಲ ನಾನೇ ಕೇಕ್ ಹಂಚಿದ್ದೆ. ಹಿಂದಿನ ರಾತ್ರಿ ಎರಡು ಗಂಟೆಗೆ ಪರದೆಯ ಮೇಲಿನ ಗೆರೆ ಮೆಟ್ಟಿಲಿನ ಹಾಗೆ ಮೇಲಕ್ಕೆ ನೆಗೆದಿತ್ತು. ಚಿಪ್‌ನ ಗುಳಿಯೊಂದರಲ್ಲಿ, ಅಂದರೆ ಕ್ವಾಂಟಂ ಡಾಟ್‌ನಲ್ಲಿ, ಕೂತಿದ್ದ ಒಂದೇ ಒಂದು ಎಲೆಕ್ಟ್ರಾನ್ ಎದ್ದು ಹೋಗಿತ್ತು. ನಾನು ಶಬ್ದದ ಅಲೆ ಕಳಿಸಿದಾಗಲೆಲ್ಲ ಹೋಗುತ್ತಿತ್ತು. ಅದನ್ನು ಒಯ್ದದ್ದು ನನ್ನ ಅಲೆಯೇ ಅಲ್ಲ ಅನ್ನುವುದು ತಿಳಿಯಲು ಮೂರು ವಾರ ಹಿಡಿಯಿತು.

ಆಗ ನಾನು ಯುರೋಪಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಗ್ಯಾಲಿಯಂ ಆರ್ಸೆನೈಡ್ ಹರಳಿಗೆ ವೋಲ್ಟೇಜ್ ಕೊಟ್ಟರೆ ಅದರ ಮೈ ತುಸು ಹಿಗ್ಗಿ ಕುಗ್ಗುತ್ತದೆ. ಅದರ ಮೇಲೆ ಎರಡು ಲೋಹದ ಬಾಚಣಿಗೆಗಳನ್ನು ಹಲ್ಲಿನ ಸಂದಿಗೆ ಹಲ್ಲು ಬರುವಂತೆ ಕೂರಿಸಿ ರೇಡಿಯೋ ಸಂಕೇತ ಹಾಯಿಸಿದರೆ ಮೇಲ್ಮೈಯಲ್ಲಿ ಶಬ್ದದ ಅಲೆ ಏಳುತ್ತದೆ. ಭೌತವಿಜ್ಞಾನಿ ರೇಲಿ 1885ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ ಅಲೆಯ ಜಾತಿಯೇ ಇದು. ಭೂಕಂಪವಾದಾಗ ನೆಲವನ್ನು ಹೊಯ್ದಾಡಿಸುವುದೂ ಅದೇ, ಮೊಬೈಲ್ ಫೋನಿನ ಫಿಲ್ಟರ್‌ಗಳಲ್ಲಿ ದುಡಿಯುವುದೂ ಅದೇ. ನಮ್ಮ ಹರಳಿನಲ್ಲಿ ಅಲೆಯ ಜೊತೆಗೆ ವಿದ್ಯುತ್ತಿನ ದಿಬ್ಬ ತಗ್ಗುಗಳೂ ಸಾಗುತ್ತವೆ. ತಗ್ಗಿಗೆ ಬಿದ್ದ ಎಲೆಕ್ಟ್ರಾನ್ ಅದರೊಂದಿಗೇ ಪಯಣ ಹೊರಡುತ್ತದೆ.

1996ರಲ್ಲಿ ಕೇಂಬ್ರಿಜ್‌ನವರು ಪ್ರತಿ ತಗ್ಗಿಗೆ ಒಂದೊಂದೇ ಎಲೆಕ್ಟ್ರಾನ್ ತುಂಬಿ, ಸುಮಾರು 2.7 ಗಿಗಾಹರ್ಟ್ಸ್‌ನಲ್ಲಿ, ಸೆಕೆಂಡಿಗೆ 270 ಕೋಟಿಯ ಲೆಕ್ಕದಲ್ಲಿ ಸಾಗಿಸಿದ್ದರು. ಅಷ್ಟೆಲ್ಲ ಸೇರಿದರೂ ಕರೆಂಟು ಅರ್ಧ ನ್ಯಾನೋಆಂಪಿಯರ್‌ಗೂ ಕಡಿಮೆ. 2011ರಲ್ಲಿ ಗ್ರೆನೋಬಲ್‌ನವರೂ ಕೇಂಬ್ರಿಜ್‌ನವರೂ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು: ಒಂದು ಡಾಟ್‌ನಿಂದ ಕೆಲವು ಮೈಕ್ರಾನ್ ಆಚೆಯ ಇನ್ನೊಂದಕ್ಕೆ, ಬೇಕೆಂದಾಗ, ಒಂದೇ ಎಲೆಕ್ಟ್ರಾನ್. ಕೇಂಬ್ರಿಜ್‌ನವರಂತೂ ಅದೇ ಎಲೆಕ್ಟ್ರಾನನ್ನು ಅರವತ್ತಕ್ಕೂ ಹೆಚ್ಚು ಸಲ ಆಚೆ ಈಚೆ ಓಡಾಡಿಸಿದರು. ಅದನ್ನು ನಮ್ಮಲ್ಲೂ ಮಾಡಿ ತೋರಿಸುವುದು ನನ್ನ ಮೊದಲ ಕೆಲಸ. ಅಮ್ಮನಿಗೆ ಫೋನಿನಲ್ಲಿ ವಿವರಿಸಿದಾಗ, “ಒಂದಕ್ಕೋಸ್ಕರ ಅಷ್ಟು ದೂರ ಹೋದ್ಯಾ?” ಅಂದಿದ್ದರು.

ಚಿಪ್ ಮಾಡುವ ಪಾಡು ಬೇರೆಯೇ ಕಥೆ. ಬಾಚಣಿಗೆಯ ಒಂದೊಂದು ಹಲ್ಲೂ 250 ನ್ಯಾನೋಮೀಟರ್ ಅಗಲ. ಎಪ್ಪತ್ತು ಜೊತೆಯಲ್ಲಿ ಎರಡು ಹಲ್ಲು ಅಂಟಿಕೊಂಡರೂ ಇಡೀ ಬಾಚಣಿಗೆ ವ್ಯರ್ಥ. ಚಳಿಗಾಲದ ಒಣಹವೆಯಲ್ಲಿ ಉಣ್ಣೆ ಸ್ವೆಟರ್ ತೊಟ್ಟು ಚಿಪ್ ಮುಟ್ಟಿ, ಮೈಯ ಸ್ಥಿರ ವಿದ್ಯುತ್ತಿಗೆ ಎರಡು ತಿಂಗಳ ದುಡಿಮೆಯ ಗೇಟುಗಳನ್ನು, ಅಂದರೆ ಗುಳಿಯನ್ನು ರೂಪಿಸುವ ಪುಟ್ಟ ಲೋಹದ ಪಟ್ಟಿಗಳನ್ನು, ಸುಟ್ಟುಕೊಂಡೆ. ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳದೆ ಅಂಥದ್ದನ್ನು ಆಮೇಲೆ ಮುಟ್ಟಿಲ್ಲ.

ಕೇಕಿನ ವಿಷಯಕ್ಕೆ ಬರುತ್ತೇನೆ. ಸಂಭ್ರಮವೆಲ್ಲ ಮುಗಿದು ವಾರಗಳಾದ ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಗ್ರಾಫ್ ನೋಡಿ, “ಫ್ರೀಕ್ವೆನ್ಸಿ ತಪ್ಪಿಸಿ ನೋಡಿದೆಯಾ?” ಎಂದು ಕೇಳಿದರು. ನೋಡಿರಲಿಲ್ಲ. ಬಾಚಣಿಗೆ ತನ್ನ ಫ್ರೀಕ್ವೆನ್ಸಿಯ ಆಸುಪಾಸಿನಲ್ಲಷ್ಟೇ ಅಲೆ ಎಬ್ಬಿಸುತ್ತದೆ. ನೂರು ಮೆಗಾಹರ್ಟ್ಸ್ ಆಚೆ ಸರಿದರೆ ಅಲೆ ಇಲ್ಲ. ಸರಿಸಿದೆ. ಎಲೆಕ್ಟ್ರಾನ್ ಆಗಲೂ ಹೊರಟುಹೋಯಿತು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಹಾಗೆ. ಬಾಚಣಿಗೆಯೂ ಅದರ ತಂತಿಯೂ ಒಂದು ಆಂಟೆನಾ ಎಂಬುದನ್ನು ಮರೆತಿದ್ದೆ. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಹಾರಿ ಗೇಟುಗಳನ್ನು ಅಲುಗಿಸಿ, ಎಲೆಕ್ಟ್ರಾನನ್ನು ಗುಳಿಯಿಂದ ಒದ್ದು ಹಾಕುತ್ತಿತ್ತು. ಆಚೆಯ ಡಾಟ್ ಖಾಲಿಯೇ ಇತ್ತು. ಅದನ್ನು ನಾನು ‘ಹಿಡಿಯುವ ಗುಳಿ ಇನ್ನೂ ಹದಕ್ಕೆ ಬಂದಿಲ್ಲ’ ಎಂದು ತೇಲಿಸಿಬಿಟ್ಟಿದ್ದೆ. ಈಗ ನೆನೆದರೆ ನಾಚಿಕೆಯಾಗುವುದು ಅದಕ್ಕೇ, ಆಂಟೆನಾಕ್ಕಲ್ಲ.

ದಾರಿ ತೋರಿಸಿದ್ದು ಶಬ್ದದ ನಿಧಾನವೇ. ಈ ಹರಳಿನ ಮೇಲೆ ಅಲೆಯ ವೇಗ ಸೆಕೆಂಡಿಗೆ ಸುಮಾರು 2,860 ಮೀಟರ್. ಬಾಚಣಿಗೆಯಿಂದ ಡಾಟ್‌ಗೆ ಒಂದೂವರೆ ಮಿಲಿಮೀಟರ್. ಅಂದರೆ ಅರ್ಧ ಮೈಕ್ರೋಸೆಕೆಂಡ್ ತಡ. ನಾನೋ ಒಂದು ಮೈಕ್ರೋಸೆಕೆಂಡ್ ಉದ್ದದ ಪಲ್ಸ್ ಕೊಡುತ್ತಿದ್ದೆ. ಅಲೆ ಬಂದು ತಲುಪುವಾಗಲೂ ರೇಡಿಯೋ ಗದ್ದಲ ನಡೆದೇ ಇರುತ್ತಿತ್ತು. ಪಲ್ಸನ್ನು ನೂರು ನ್ಯಾನೋಸೆಕೆಂಡಿಗೆ ಇಳಿಸಿದೆ. ಗದ್ದಲ ಅಡಗುವ ತನಕ ಎಲೆಕ್ಟ್ರಾನನ್ನು ಗುಳಿಯ ಆಳದಲ್ಲಿ ಅದುಮಿಟ್ಟು, ಅಲೆ ಬರುವ ಹೊತ್ತಿಗೆ ಗೇಟಿಗೆ ಚುಟುಕು ವೋಲ್ಟೇಜ್ ಕೊಟ್ಟು ಮೇಲೆತ್ತುವ ವ್ಯವಸ್ಥೆ ಮಾಡಿದೆ. ಬಾಚಣಿಗೆಗೂ ಡಾಟ್‌ಗೂ ನಡುವೆ ಅರ್ತ್ ಮಾಡಿದ ಲೋಹದ ಗೋಡೆಯನ್ನೂ ನಿಲ್ಲಿಸಿದೆ. ಪವರ್ ಏರಿಸಿ ಗೆಲ್ಲುವ ಆಸೆಯನ್ನು ಮಾತ್ರ ಬಿಡಬೇಕಾಯಿತು: ಹತ್ತಾರು ಮಿಲಿಕೆಲ್ವಿನ್ ತಂಪಿನಲ್ಲಿ ಕೂತ ಚಿಪ್‌ಗೆ ರೇಡಿಯೋ ಪವರ್ ಅಂದರೆ ಬಿಸಿ.

2019ರಲ್ಲಿ ಗ್ರೆನೋಬಲ್‌ನವರು 22 ಮೈಕ್ರಾನ್ ದೂರಕ್ಕೆ ನೂರರಲ್ಲಿ 99 ಸಲ ಸಾಗಿಸಿದ್ದನ್ನು ಪ್ರಕಟಿಸಿದರು. ಅವರೂ ಇದೇ ಬಗೆಯ ಚುಟುಕು ಪಲ್ಸ್‌ನಿಂದ, ಯಾವ ತಗ್ಗು ಎಲೆಕ್ಟ್ರಾನನ್ನು ಎತ್ತಿಕೊಳ್ಳಬೇಕು ಎಂಬುದನ್ನೂ ಆರಿಸಿದ್ದರು. ನನ್ನದು ಹತ್ತರಲ್ಲಿ ಏಳಕ್ಕೆ ನಿಂತಿತು. ಆದರೆ ಒಂದು ಮಧ್ಯಾಹ್ನ, ಈಚೆಯ ಡಾಟ್‌ನ ಗೆರೆ ಏರಿದ ಹೊತ್ತಿಗೇ ಆಚೆಯ ಡಾಟ್‌ನ ಗೆರೆ ಇಳಿಯಿತು: ಎಲೆಕ್ಟ್ರಾನ್ ಅಲ್ಲಿ ಬಂದು ಕೂತಿತ್ತು. ಯಾರನ್ನೂ ಕರೆಯಲಿಲ್ಲ. ಫ್ರೀಕ್ವೆನ್ಸಿಯನ್ನು ನೂರು ಮೆಗಾಹರ್ಟ್ಸ್ ಸರಿಸಿ ಸಂಜೆಯವರೆಗೂ ನೋಡುತ್ತ ಕೂತೆ. ಎಲೆಕ್ಟ್ರಾನ್ ಕದಲಲಿಲ್ಲ.