ಮನೆಗೂ ಸೈ, ಬೇಟೆಗೂ ಸೈ
ಬ್ರಿಟನ್, ಅಮೆರಿಕಗಳಲ್ಲಿ ಗುಂಡೇಟಿಗೆ ಬಿದ್ದ ಬಾತು, ಫೆಸೆಂಟ್‌ಗಳನ್ನು ಹೆಕ್ಕಿ ತರುವ ಲ್ಯಾಬ್ರಡಾರ್ ಮನೆಮಂದಿಯ ನಡುವೆಯೇ ಚೆನ್ನಾಗಿ ಪಳಗುತ್ತದೆ. ಆದರೆ ‘ಕೂರು’, ‘ಬಾ’ ಎಂಬ ಆಜ್ಞೆಗಳು ಎಲ್ಲರ ಬಾಯಲ್ಲೂ ಒಂದೇ ಆಗಿರಬೇಕು. ಎಂಟು ವಾರದ ಮರಿಗೆ ಉಂಡೆ ಕಟ್ಟಿದ ಕಾಲುಚೀಲ ಎಸೆದು ತರಿಸುವ ಆಟ ಎರಡು ಮೂರು ಸಲ ಸಾಕು. ಬೇಸರ ಬರುವ ಮೊದಲೇ ನಿಲ್ಲಿಸಬೇಕು. ಹಕ್ಕಿಯನ್ನು ಹಲ್ಲೂರದೆ ಮೆತ್ತಗೆ ಹಿಡಿಯುವ ಗುಣ ಉಳಿಯಬೇಕಾದ್ದರಿಂದ ಮಕ್ಕಳೊಂದಿಗೆ ಹಗ್ಗ ಜಗ್ಗಾಟ ಬೇಡ. ಮರಿ ಚಪ್ಪಲಿ ಕಚ್ಚಿ ತಂದರೂ ಗದರದೆ, ಮೈ ಸವರಿ ಬಿಡಿಸಿಕೊಳ್ಳಬೇಕು. ಗದರಿದರೆ ಮುಂದೆ ಹಕ್ಕಿಯನ್ನೂ ಕೊಡದೆ ಓಡೀತು. ಕೋವಿಯ ಸದ್ದನ್ನು ಮೊದಲು ದೂರದಿಂದ ಕೇಳಿಸಿ, ದಿನಗಳೆದಂತೆ ಹತ್ತಿರ ತರಬೇಕು. ಒಮ್ಮೆ ಬೆಚ್ಚಿದ ನಾಯಿಯ ಅಂಜಿಕೆ ಬಿಡಿಸುವುದು ಕಷ್ಟ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿಗಳ ಬೇಟೆ ಅಪರಾಧ. ಇಲ್ಲಿನ ಲ್ಯಾಬ್ರಡಾರ್‌ಗೆ ಬಟ್ಟೆಯುಂಡೆಯ ಆಟವೇ ಸಾಕು.