ಮಗಳನ್ನು ಪಾಲು ಮಾಡಬೇಡಿ

ಪ್ರಶ್ನೆ: ನಮ್ಮೂರು ಹಾಸನ. ಮದುವೆಯಾಗಿ ನ್ಯೂಜೆರ್ಸಿಯಲ್ಲಿದ್ದೇನೆ. ಗಂಡ ಆಫ್ರಿಕನ್ ಅಮೆರಿಕನ್. ಈ ಬೇಸಿಗೆಯಲ್ಲಿ ಊರಿನ ಮದುವೆಮನೆಯಲ್ಲಿ ನೆಂಟರು ಹದಿನೈದರ ಮಗಳ ಬಣ್ಣ, ಗುಂಗುರು ಕೂದಲನ್ನು ಆಡಿಕೊಂಡರು. ವಾಪಸ್ ಬಂದಾಗಿನಿಂದ ಅವಳಿಗೆ ಊಟ, ಮಾತು ಎರಡೂ ಬೇಡ. 'ನಾನು ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ' ಎನ್ನುತ್ತಾಳೆ. ಮಗ ಮಾತ್ರ 'ನಾನು ಅಪ್ಪನ ಹಾಗೆ ಬ್ಲ್ಯಾಕ್' ಎಂದು ನಿಶ್ಚಿಂತನಾಗಿದ್ದಾನೆ. 'ನೀನು ನಮ್ಮಿಬ್ಬರದ್ದೂ ಅರ್ಧರ್ಧ' ಎಂದರೆ ಸಿಡುಕುತ್ತಾಳೆ. ಏನು ಮಾಡಲಿ?

ಉತ್ತರ: ನೆಂಟರು ಆಡಿಕೊಂಡಾಗ ನೀವೇನು ಹೇಳಿದಿರಿ? ಪತ್ರದಲ್ಲಿ ಅದಿಲ್ಲ. ನೆಂಟರ ಮಾತಿಗಿಂತ ಅಮ್ಮ ಸುಮ್ಮನೆ ನಿಂತದ್ದು ಮಕ್ಕಳನ್ನು ಹೆಚ್ಚು ಕೊರೆಯುತ್ತದೆ. ಸುಮ್ಮನಿದ್ದಿದ್ದರೆ ಮಗಳ ಕ್ಷಮೆ ಕೇಳಿ. ಅವಳು ಒಪ್ಪಿದರೆ ಅವಳೆದುರಿಗೇ ಊರಿಗೆ ಫೋನ್ ಮಾಡಿ, 'ಅವಳ ಬಣ್ಣ, ಕೂದಲಿನ ಮಾತು ಇನ್ನು ಬೇಡ' ಎಂದು ಕನ್ನಡದಲ್ಲೇ ಹೇಳಿ. ನೆಂಟರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಅರ್ಧರ್ಧದ ಸಮಾಧಾನ ಬಿಟ್ಟುಬಿಡಿ. ಅವಳು ಪೂರ್ತಿ ನಿಮ್ಮ ಮಗಳು, ಪೂರ್ತಿ ಅಪ್ಪನ ಮಗಳು. ಮಿಶ್ರ ಮೂಲದಲ್ಲಿ ಹುಟ್ಟಿದ್ದೇ ಮನಸ್ಸಿಗೆ ಕಾಯಿಲೆ ತರುವುದಿಲ್ಲ. 'ನೀನು ನಿಜವಾಗಿ ಯಾರು' ಎಂದು ಜನ ದಿನವೂ ಕೆದಕುವುದು ತರಬಹುದು. ಅಮೆರಿಕದ ಜನಗಣತಿಯೇ ಒಂದಕ್ಕಿಂತ ಹೆಚ್ಚು ಜನಾಂಗ ಗುರುತು ಹಾಕಲು ಬಿಟ್ಟದ್ದು 2000ರಲ್ಲಿ. 2020ರ ಗಣತಿಯಲ್ಲಿ ಹಾಗೆ ಗುರುತಿಸಿಕೊಂಡವರು ಸುಮಾರು 3.38 ಕೋಟಿ. ನಿಮ್ಮ ಮಗಳು ಒಂಟಿಯಲ್ಲ.

ಮನಶ್ಶಾಸ್ತ್ರಜ್ಞೆ ಮರಿಯಾ ರೂಟ್ 1990ರ ದಶಕದಲ್ಲಿ ಮಿಶ್ರ ಮೂಲದವರಿಗಾಗಿ ಒಂದು ಹಕ್ಕುಪಟ್ಟಿ ಬರೆದರು. ಒಡಹುಟ್ಟಿದವರಿಗಿಂತ ಬೇರೆಯಾಗಿ ಗುರುತಿಸಿಕೊಳ್ಳುವುದು, ವಯಸ್ಸಿನೊಂದಿಗೆ ಅದನ್ನು ಬದಲಿಸಿಕೊಳ್ಳುವುದು ಎರಡೂ ಅದರಲ್ಲಿವೆ. ಹಾಗಾಗಿ ತಮ್ಮನೋ ಅಣ್ಣನೋ, ಅವನನ್ನು ತೋರಿಸಿ 'ನೋಡು, ಅವನಿಗಿಲ್ಲದ ತೊಂದರೆ ನಿನಗೇನು' ಎನ್ನಬೇಡಿ.

ಗಂಡ ಏನು ಹೇಳುತ್ತಾರೆ? ಬಣ್ಣದ ಕಾರಣಕ್ಕೆ ತಾವು ಉಂಡ ನೋವನ್ನು, ಅದನ್ನು ದಾಟಿದ ಬಗೆಯನ್ನು ಅವರೇ ಮಗಳಿಗೆ ಹೇಳಲಿ. ಕೂದಲಿಗೆ ಎಣ್ಣೆ ಸುರಿದು, ಎಳೆದು ನೇರ ಮಾಡುವ ನಮ್ಮ ಅಭ್ಯಾಸ ಅವಳ ಗುಂಗುರಿಗೆ ಹೊಂದದು. ಅಪ್ಪನ ಕಡೆಯ ಅಜ್ಜಿಯೋ ಅತ್ತೆಯೋ ಹತ್ತಿರವಿದ್ದರೆ ಅವರ ಬಳಿ ಕೂರಿಸಿ; ಜಡೆ ಹೆಣೆಯುತ್ತಾ ಅವರು ಆಡುವ ಮಾತು ನಮ್ಮಿಂದಾಗದು.

ಊಟ ಬಿಟ್ಟಿರುವುದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಈ ವಾರವೇ ಅವಳ ಡಾಕ್ಟರಿಗೆ ತೋರಿಸಿ. ಕೌನ್ಸೆಲರ್ ಹುಡುಕುವಾಗ ಮಿಶ್ರ ಕುಟುಂಬದ ಮಕ್ಕಳೊಂದಿಗೆ ಕೆಲಸ ಮಾಡಿದ್ದೀರಾ ಎಂದು ಮೊದಲೇ ಕೇಳಿ. ಬದುಕುವುದೇ ಬೇಡ ಎಂಬರ್ಥದ ಮಾತು ಬಂದರೆ ತಡಮಾಡದೆ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಅಲ್ಲಿ ಜನರಿರುತ್ತಾರೆ.