ಜೂಮ್ ಕ್ಯಾಮೆರಾ ಬದಲಿಸುವ ಮುನ್ನ

ಜೇಬಿನಲ್ಲಿ ಹಿಡಿಯುವ ಉದ್ದ ಜೂಮ್‌ನ ಕ್ಯಾಮೆರಾದ ಹೊಸ ಮಾದರಿ ಬಂದಾಗ ಏನು ಸೇರಿತು ಎಂಬುದರ ಜೊತೆಗೆ ಏನು ಹೋಯಿತು ಎಂಬುದನ್ನೂ ನೋಡಬೇಕು. ಪ್ಯಾನಾಸೋನಿಕ್ ತನ್ನ 2019ರ ಲ್ಯೂಮಿಕ್ಸ್ ಟಿಝಡ್95ರ ನಂತರ 2025ರಲ್ಲಿ ಟಿಝಡ್99 ತಂದಿತು. ಯುಎಸ್‌ಬಿ-ಸಿ ಚಾರ್ಜಿಂಗ್, ಇನ್ನಷ್ಟು ಸ್ಪಷ್ಟವಾದ ಪರದೆ ಬಂದವು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಹೋಯಿತು. 30 ಪಟ್ಟು ಜೂಮ್, 20 ಮೆಗಾಪಿಕ್ಸೆಲ್‌ನ ಪುಟ್ಟ ಸೆನ್ಸರ್ ಹಾಗೆಯೇ ಉಳಿದವು.

ವ್ಯೂಫೈಂಡರ್ ಹೋದದ್ದು ಸಣ್ಣ ನಷ್ಟವಲ್ಲ. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಸುಡುಬಿಸಿಲಲ್ಲಿ ನಿಂತರೆ ಎಂಥ ಪರದೆಯೂ ಮಂಕಾಗುತ್ತದೆ. ಕ್ಯಾಮೆರಾವನ್ನು ಹುಬ್ಬಿಗೆ ಒತ್ತಿ ಹಿಡಿದಾಗ ಸಿಗುವ ಸ್ಥಿರತೆ ತೋಳು ಚಾಚಿದಾಗ ಸಿಗದು. ದೂರದ ಬೆಳ್ಳಕ್ಕಿ ಚೌಕಟ್ಟಿನಿಂದ ಜಾರಿಬಿಡುತ್ತದೆ.

ಎರಡೂ ಮಾದರಿಗಳಲ್ಲಿ ಜೂಮ್ ಪೂರ್ತಿ ಚಾಚಿದಾಗ ಅಪರ್ಚರ್ ಎಫ್/3.3ರಿಂದ ಎಫ್/6.4ಕ್ಕೆ ಸರಿದು, ಸೆನ್ಸರ್‌ಗೆ ಬೀಳುವ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಐಎಸ್‌ಒ ಏರಿದರೆ ಚಿತ್ರ ಒರಟಾಗುತ್ತದೆ. ಹಗಲಲ್ಲಿ ಗುಬ್ಬಿಯ ತೇರು ತೆಗೆಯಲು ಇದು ಅಡ್ಡಿಯಾಗದು. ಆದರೆ ರಂಗಕರ್ಮಿ ಗುಬ್ಬಿ ವೀರಣ್ಣನವರ ಆ ಊರಿನಲ್ಲೇ ರಾತ್ರಿಯ ನಾಟಕವನ್ನು ಹಿಂದಿನ ಸಾಲಿನಿಂದ ತೆಗೆಯುವವರಿಗೆ ಹೊಸ ಮಾದರಿಯಿಂದ ಹೆಚ್ಚಿನ ಲಾಭವಿಲ್ಲ.

ಹೊಸ ಮಾದರಿಯನ್ನು ಪರೀಕ್ಷಿಸಲು ತುಮಕೂರಿನ ಅಂಗಡಿಗೆ ಹೋಗುವವರು ತಮ್ಮದೇ ಮೆಮೊರಿ ಕಾರ್ಡ್ ಒಯ್ಯುವುದು ಒಳ್ಳೆಯದು. ರಸ್ತೆಯಾಚೆಯ ಬೋರ್ಡನ್ನು ಪೂರ್ತಿ ಜೂಮ್‌ನಲ್ಲಿ, ಸ್ಟ್ಯಾಂಡ್ ಇಲ್ಲದೆ, ಹತ್ತು ಸಲ ತೆಗೆದು, ಅಕ್ಷರಗಳ ಅಂಚು ಎಷ್ಟು ಚಿತ್ರಗಳಲ್ಲಿ ಚೂಪಾಗಿದೆ ಎಂದು ಮನೆಯ ಕಂಪ್ಯೂಟರಿನಲ್ಲಿ ನೋಡಬೇಕು. ಡಿಜಿಟಲ್ ಜೂಮ್ ಲೆಕ್ಕಕ್ಕಿಲ್ಲ. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. ಕೈಯಲ್ಲಿರುವ ಟಿಝಡ್95 ಸರಿಯಾಗಿದ್ದರೆ ಟಿಝಡ್99ಕ್ಕೆ ಹಣ ಹಾಕುವ ಅಗತ್ಯವಿಲ್ಲ.